ನೀರು ಇಳಿದ ಮೇಲೆ ಬೀಳುವ ಗೋಡೆಗಳನ್ನೂ ಲೆಕ್ಕಕ್ಕೆ ತಗೊಳ್ಳಿ

ನೆರೆಯಲ್ಲಿ ಹಾನಿಯಾದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ ಬೇಗ ಪರಿಹಾರ ಕೊಡಬೇಕು ಅಂತ ಲೇಖನವೊಂದರಲ್ಲಿ ಓದಿದೆ. ಬೇಗ ಕೊಡಲಿ, ಆದರೆ ಸಮೀಕ್ಷೆ ಒಂದೇ ಸಲಕ್ಕೆ ಮುಗಿಸಬಾರದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಇಳಿದಾಗ ಗೋಡೆಗಳೆಲ್ಲ ನಿಂತೇ ಇದ್ದವು. ಸಮೀಕ್ಷೆಗೆ ಬಂದವರು ಫೋಟೊ ತೆಗೆದು ‘ಸಿ’, ಅಂದರೆ ಅಲ್ಪ ಹಾನಿ, ಅಂತ ಬರೆದುಕೊಂಡು ಹೋದರು. ಹನ್ನೊಂದನೇ ದಿನ ರಾತ್ರಿ ಅಡುಗೆಮನೆ ಗೋಡೆ ಕುಸಿಯಿತು. ಅವ್ವ ಪಡಸಾಲೆಯಲ್ಲಿ ಮಲಗಿದ್ದಳು, ಅದಕ್ಕೇ ಉಳಿದಳು.

ಮಣ್ಣಿನ ಗೋಡೆ ಹಾಗೇ. ಬುಡ ನೆನೆದು ಮೆತ್ತಗಾಗಿರುತ್ತದೆ, ಮೇಲಿನ ಭಾರ ತಡೆಯಲಾರದೆ ಎಷ್ಟೋ ದಿನದ ಮೇಲೆ ಕೂತುಬಿಡುತ್ತದೆ. ಚಂದ ಕಾಣಲಿ ಅಂತ ನಾವು ಸಿಮೆಂಟ್ ಗಿಲಾವು ಮಾಡಿಸಿದ್ದೆವು. ಒಳಗಿನ ತೇವ ಹೊರಬರಲಿಲ್ಲ, ಬಿರುಕೂ ಕಾಣಲಿಲ್ಲ. ಬಡಿದರೆ ಪೊಳ್ಳು ಸದ್ದು ಬರುತ್ತಿತ್ತು, ನಮಗೆ ತಿಳಿಯಲಿಲ್ಲ. ಪೂರ್ತಿ ಬಿದ್ದ ‘ಎ’ ವರ್ಗದ ಮನೆಗೆ ಆಗ 5 ಲಕ್ಷ ರೂಪಾಯಿ ಇತ್ತು. ಎಷ್ಟು ಅಲೆದರೂ ನಮ್ಮ ವರ್ಗ ಬದಲಾಗಲಿಲ್ಲ. ತಿಂಗಳ ನಂತರ ಇನ್ನೊಮ್ಮೆ ಬಂದು ನೋಡಲೇಬೇಕು ಅನ್ನುವ ನಿಯಮ ಬರಲಿ.

ಹೊಳೆದಂಡೆಯವರು ದಯವಿಟ್ಟು ನೀರು ಇಳಿದ ಕೂಡಲೇ ಒಳಗೆ ಮಲಗಬೇಡಿ. ಎಲೆಕ್ಟ್ರಿಷಿಯನ್‌ಗೆ ವೈರಿಂಗ್ ತೋರಿಸುವವರೆಗೆ ಮೇನ್ ಸ್ವಿಚ್ಚೂ ಹಾಕಬೇಡಿ.