ರೆಡಿಂಗ್ ಕನ್ನಡಿಗರೇ, ಮೇ ತಿಂಗಳ ವೋಟು ನಿಮಗೂ ಇದೆ

ಇಂಗ್ಲೆಂಡಿನಲ್ಲಿ ವೋಟು ಹಾಕಬೇಕಾದರೆ ಬ್ರಿಟಿಷ್ ಪಾಸ್‌ಪೋರ್ಟ್ ಬೇಕು ಅಂತ ನಂಬಿರುವ ಕನ್ನಡಿಗರು ಈಗಲೂ ಇದ್ದಾರೆ. ಬೇಕಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಸರಿಯಾದ ವೀಸಾ ಇದ್ದು ಇಲ್ಲಿ ವಾಸವಾಗಿರುವ, 18 ತುಂಬಿದ ಭಾರತೀಯರಿಗೆ ಮೇ ತಿಂಗಳಲ್ಲಿ ನಡೆಯುವ ಕೌನ್ಸಿಲ್ (ಸ್ಥಳೀಯ ಆಡಳಿತ) ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತದ ಹಕ್ಕಿದೆ. ಕೆಲಸದ ವೀಸಾ, ಡಿಪೆಂಡೆಂಟ್, ಸ್ಟೂಡೆಂಟ್, ಯಾವುದಾದರೂ ಸರಿ. ಇಷ್ಟು ವರ್ಷ ಇದ್ದಿರಬೇಕು ಎಂಬ ಷರತ್ತೂ ಇಲ್ಲ. ವೋಟು ಹಾಕಿದರೆ ವೀಸಾಕ್ಕೆ ತೊಂದರೆ, ಭಾರತದ ಪೌರತ್ವಕ್ಕೆ ಧಕ್ಕೆ ಎಂಬ ಭಯಕ್ಕೂ ಆಧಾರವಿಲ್ಲ.

ಆದರೆ ಹೆಸರು ತಾನಾಗಿ ಪಟ್ಟಿಗೆ ಸೇರುವುದಿಲ್ಲ. ತಿಂಗಳು ತಿಂಗಳು ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತಿದ್ದೀರಿ ಅಂದಮಾತ್ರಕ್ಕೆ ನೀವು ಮತದಾರರಲ್ಲ. ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ತುಂಬಲು ಐದು ನಿಮಿಷ ಸಾಕು. ವಿಳಾಸ, ಜನ್ಮದಿನಾಂಕ, ರಾಷ್ಟ್ರೀಯತೆ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೇಳುತ್ತಾರೆ. ಗಂಡ ಹೆಂಡತಿ ಬೇರೆ ಬೇರೆ ಅರ್ಜಿ ಹಾಕಬೇಕು. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಮತ್ತೆ ನೋಂದಾಯಿಸಬೇಕು. ನಮ್ಮವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುವುದು ಬಹುಪಾಲು ಇಲ್ಲೇ. ಕೊನೆಯ ದಿನ ಮತದಾನಕ್ಕೆ 12 ಕೆಲಸದ ದಿನ ಮೊದಲು. ಈಸ್ಟರ್ ರಜೆ, ಮೇ ತಿಂಗಳ ಬ್ಯಾಂಕ್ ಹಾಲಿಡೇ ಕಳೆದು ಲೆಕ್ಕ ಹಾಕಿದರೆ ಅದು ಏಪ್ರಿಲ್ ಮಧ್ಯಕ್ಕೇ ಬಂದುಬಿಡುತ್ತದೆ.

ಇನ್ನು, ನಿಮ್ಮ ಕೌನ್ಸಿಲ್ ಯಾವುದು ಅಂತ ನೋಡಿಕೊಳ್ಳಿ. ವಿಳಾಸದಲ್ಲಿ ರೆಡಿಂಗ್ ಅಂತ ಇದ್ದರೂ ಲೋವರ್ ಅರ್ಲಿ, ವುಡ್ಲಿ ಇರುವುದು ವೋಕಿಂಗ್‌ಹ್ಯಾಮ್ ಕೌನ್ಸಿಲ್ಲಿನಲ್ಲಿ. ಕ್ಯಾಲ್ಕಟ್ ಕಡೆಯವರದ್ದು ವೆಸ್ಟ್ ಬರ್ಕ್‌ಷೈರ್. ಕ್ಯಾವರ್‌ಶ್ಯಾಮ್, ವಿಟ್ಲಿ, ಕೇಟ್ಸ್‌ಗ್ರೋವ್ ಕಡೆಯವರು ರೆಡಿಂಗ್ ಬರೋ ಕೌನ್ಸಿಲ್ಲಿನವರು. ಅಲ್ಲಿ 16 ವಾರ್ಡು, ವಾರ್ಡಿಗೆ ಮೂವರಂತೆ 48 ಕೌನ್ಸಿಲರ್‌ಗಳು. 2022ರಲ್ಲಿ ಗಡಿ ಬದಲಾದಾಗ ಎಲ್ಲ ಸ್ಥಾನಗಳಿಗೂ ಒಟ್ಟಿಗೆ ಚುನಾವಣೆ ನಡೆಯಿತು. ಈಗ ಮೂರು ವರ್ಷ, ವರ್ಷಕ್ಕೆ ಮೂರನೇ ಒಂದು ಭಾಗ ಸ್ಥಾನಗಳಿಗೆ ಚುನಾವಣೆ; ನಾಲ್ಕನೇ ವರ್ಷ ಬಿಡುವು. ವೆಸ್ಟ್ ಬರ್ಕ್‌ಷೈರ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಎಲ್ಲವೂ ಒಟ್ಟಿಗೆ. ಹಾಗಾಗಿ ಪಕ್ಕದ ಬೀದಿಯ ಗೆಳೆಯನಿಗೆ ಚುನಾವಣೆ ಇದ್ದು ನಿಮಗೆ ಇಲ್ಲದಿರಬಹುದು.

ಮತಗಟ್ಟೆಗೆ ಫೋಟೋ ಇರುವ ಗುರುತಿನ ಚೀಟಿ 2023ರ ಮೇ ತಿಂಗಳಿಂದ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಬ್ರಿಟನ್ನಿನ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಆಧಾರ್, ಭಾರತದ ಡ್ರೈವಿಂಗ್ ಲೈಸೆನ್ಸ್, ಆಫೀಸಿನ ಬ್ಯಾಡ್ಜು, ಯೂನಿವರ್ಸಿಟಿ ಕಾರ್ಡು ನಡೆಯುವುದಿಲ್ಲ. ಮೊಬೈಲಿನಲ್ಲಿ ಇ-ವೀಸಾ ತೋರಿಸಿದರೂ ಒಪ್ಪುವುದಿಲ್ಲ. ಹಳೆಯ ಬಿಆರ್‌ಪಿ (ವಾಸದ ಪರವಾನಗಿ) ಕಾರ್ಡಿನ ಅವಧಿ ಮುಗಿದಿದ್ದರೂ ಫೋಟೋ ನಿಮ್ಮ ಮುಖಕ್ಕೆ ಹೋಲುತ್ತಿದ್ದರೆ ಸಾಕು.

ನಮ್ಮವರಿಗೆ ನಿಜವಾದ ತೊಡಕು ಹೆಸರಿನದ್ದು. ಇನಿಷಿಯಲ್ ಬಿಡಿಸಿ ಬರೆದ ಪಾಸ್‌ಪೋರ್ಟ್, ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟ್, ಮದುವೆಯಾದ ಮೇಲೆ ಗಂಡನ ಹೆಸರು ಒಂದು ದಾಖಲೆಯಲ್ಲಿ ಸೇರಿ ಇನ್ನೊಂದರಲ್ಲಿ ಸೇರದೆ ಉಳಿದದ್ದು. ಸಣ್ಣಪುಟ್ಟ ವ್ಯತ್ಯಾಸಕ್ಕೆ ಅಧಿಕಾರಿಗಳು ತಕರಾರು ಮಾಡುವುದಿಲ್ಲ. ಹೆಸರೇ ಬೇರೆ ಅನ್ನಿಸಿದರೆ ಮಾತ್ರ ಮದುವೆ ಪ್ರಮಾಣಪತ್ರದಂಥ ದಾಖಲೆ ಕೈಯಲ್ಲಿರಬೇಕು. ಇದಕ್ಕೆ ಸುಲಭದ ದಾರಿ, ನೋಂದಾಯಿಸುವಾಗಲೇ ಪಾಸ್‌ಪೋರ್ಟಿನಲ್ಲಿ ಇದ್ದಂತೆ ಅಕ್ಷರ ಬಿಡದೆ ಬರೆಯುವುದು.

ಮತದಾನ ಗುರುವಾರ, ಬೆಳಗ್ಗೆ 7ರಿಂದ ರಾತ್ರಿ 10. ರಜೆ ಕೊಡುವುದಿಲ್ಲ. ಲಂಡನ್ನಿಗೆ ರೈಲಿನಲ್ಲಿ ಓಡಾಡುವವರು ಪೋಸ್ಟಲ್ ವೋಟಿಗೆ ಅರ್ಜಿ ಹಾಕುವುದೇ ಮೇಲು. ಮತದಾನಕ್ಕೆ 11 ಕೆಲಸದ ದಿನ ಮೊದಲು, ಸಂಜೆ 5ರ ಒಳಗೆ. ಪೋಸ್ಟಲ್ ವೋಟು ತಿರಸ್ಕೃತವಾಗುವುದು ಸಣ್ಣ ತಪ್ಪುಗಳಿಂದ: ಜನ್ಮದಿನಾಂಕದ ಜಾಗದಲ್ಲಿ ಅಂದಿನ ತಾರೀಕು ಬರೆಯುವುದು, ಅರ್ಜಿಯಲ್ಲಿ ಕನ್ನಡದಲ್ಲಿ ಸಹಿ ಮಾಡಿ ಮತಪತ್ರದ ಜೊತೆಗಿನ ಫಾರಂನಲ್ಲಿ ಇಂಗ್ಲಿಷಿನಲ್ಲಿ ಮಾಡುವುದು, ಗಂಡ ಹೆಂಡತಿಯ ಲಕೋಟೆಗಳು ಅದಲುಬದಲಾಗುವುದು. ತುಂಬಿದ ಲಕೋಟೆಯನ್ನು ಪಕ್ಷದ ಕಾರ್ಯಕರ್ತರ ಕೈಗೆ ಕೊಡಬೇಡಿ, ಅದು ಕಾನೂನಿಗೆ ವಿರುದ್ಧ. ಕೌನ್ಸಿಲ್ ಕಚೇರಿಯ ಟಪಾಲು ಡಬ್ಬಿಗೆ ಹಾಕಿದರೂ ಎಣಿಕೆಗೆ ಸೇರುವುದಿಲ್ಲ. ಅಂಚೆಗೆ ಹೊತ್ತು ಮೀರಿದ್ದರೆ ಮತಗಟ್ಟೆಗೇ ಒಯ್ದು, ಅಲ್ಲಿ ಕೊಡುವ ಫಾರಂ ತುಂಬಿ ಒಪ್ಪಿಸಿ.

"ಕೌನ್ಸಿಲ್ ತಾನೆ, ಕಸ ಎತ್ತುವವರು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವೃದ್ಧರ ಆರೈಕೆ, ಮಕ್ಕಳ ರಕ್ಷಣೆ, ಶಾಲೆಯ ಸೀಟು ಹಂಚಿಕೆ, ಲೈಬ್ರರಿ, ರಸ್ತೆ ಗುಂಡಿ, ಮನೆ ವಿಸ್ತರಿಸಲು ಪರವಾನಗಿ, ಎಲ್ಲ ಅವರ ಕೈಯಲ್ಲಿದೆ. ನೀವು ಹತ್ತುವ ರೆಡಿಂಗ್ ಬಸೆಸ್ ಕಂಪನಿಯ ಮಾಲೀಕರೂ ಕೌನ್ಸಿಲ್ಲೇ. ಹತ್ತಿರದ ಸ್ಲೌ ಕೌನ್ಸಿಲ್ 2021ರಲ್ಲಿ ಬಜೆಟ್ ಸರಿದೂಗಿಸಲಾಗದೆ ಸೆಕ್ಷನ್ 114 ನೋಟಿಸ್ (ಹೊಸ ಖರ್ಚಿಗೆ ತಡೆ ಹಾಕುವ ಘೋಷಣೆ) ಹೊರಡಿಸಿತು. ಆ ಹೊರೆ ಬಿದ್ದದ್ದು ಊರಿನವರ ಮೇಲೆ. ಅಷ್ಟಾದರೂ ಇಂಥ ಚುನಾವಣೆಗಳಲ್ಲಿ ಮತ ಹಾಕುವವರು ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲಿನ ಆಸುಪಾಸು. 2017ರಲ್ಲಿ ನಾರ್ತಂಬರ್‌ಲ್ಯಾಂಡಿನ ಸೌತ್ ಬ್ಲೈತ್ ವಾರ್ಡಿನಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಸಮ ಮತ ಬಂದು, ಕಡ್ಡಿ ಎತ್ತಿಸಿ ಗೆದ್ದವರನ್ನು ನಿರ್ಧರಿಸಿದರು. ಆ ಒಂದು ಸ್ಥಾನ ತಪ್ಪಿ ಕನ್ಸರ್ವೇಟಿವ್ ಪಕ್ಷಕ್ಕೆ ಇಡೀ ಕೌನ್ಸಿಲ್ಲಿನ ಬಹುಮತ ತಪ್ಪಿತು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಳೆದದ್ದು ನಮಗೆಲ್ಲ ಗೊತ್ತು. ಸಮಯಕ್ಕೆ ಸರಿಯಾಗಿ ಚುನಾವಣೆ ನಡೆಯುವ ಊರಿನಲ್ಲಿ ಇದ್ದುಕೊಂಡು ಹಕ್ಕನ್ನು ಬಿಡುವುದು ನನಗೆ ಸಂಕಟದ ವಿಷಯ.

ವೋಟಿಗಷ್ಟೇ ನಿಲ್ಲಬೇಕಿಲ್ಲ, ಐಎಲ್‌ಆರ್ (ಕಾಯಂ ವಾಸದ ಅನುಮತಿ) ಸಿಕ್ಕವರು ಅಭ್ಯರ್ಥಿಯೂ ಆಗಬಹುದು. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, 2010ರಲ್ಲಿ ಅಲ್ಲಿನ ಮೇಯರ್ ಆದರು. ಠೇವಣಿ ಇಲ್ಲ. ವಾರ್ಡಿನ ಇಬ್ಬರು ಮತದಾರರ ಸಹಿ ಸಾಕು, ಒಬ್ಬರು ಸೂಚಕರು, ಒಬ್ಬರು ಅನುಮೋದಕರು. ನಾಮಪತ್ರ ಮತದಾನಕ್ಕೆ 19 ಕೆಲಸದ ದಿನ ಮೊದಲು ಸಂಜೆ 4ರ ಒಳಗೆ ಸಲ್ಲಿಸಬೇಕು. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ನೌಕರರು ನಿಲ್ಲಬಹುದು. ಅದೇ ಕೌನ್ಸಿಲ್ಲಿನ ನೌಕರರು ಮಾತ್ರ ನಿಲ್ಲುವಂತಿಲ್ಲ.