ಮೊಡವೆಗೆ ಸ್ಯಾಲಿಸಿಲಿಕ್ ಆಸಿಡ್ ಹಚ್ಚಿ, ಆದರೆ ಟ್ಯೂಬ್ ತಿರುಗಿಸಿ ಓದಿ ಹಚ್ಚಿ

ಮೊಡವೆಗೆ ಸ್ಯಾಲಿಸಿಲಿಕ್ ಆಸಿಡ್ ಒಳ್ಳೆಯದು. ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ನಮ್ಮ ಕಲಬುರಗಿಯಲ್ಲಿ ಆ ಹೆಸರು ಕೇಳಿಕೊಂಡು ಬಂದು ಜನ ಮುಖಕ್ಕೆ ಏನೇನು ಹಚ್ಚಿಕೊಳ್ಳುತ್ತಿದ್ದಾರೆ ಅನ್ನೋದನ್ನು ಮೆಡಿಕಲ್ ಕೌಂಟರಿನ ಹಿಂದೆ ನಿಂತು ದಿನಾ ನೋಡುತ್ತೇನೆ. ನೋಡಿ ನೋಡಿ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಾನು ಬಿ.ಫಾರ್ಮ್ ಓದಿದವಳು, ಡಾಕ್ಟರ್ ಅಲ್ಲ. ಔಷಧಿ ಯಾವುದು, ಅದರಲ್ಲಿ ಏನಿದೆ, ಎಷ್ಟಿದೆ, ಇಷ್ಟನ್ನು ಹೇಳೋದು ನನ್ನ ಕೆಲಸ.

ಮೊದಲು ಇದು ಏನು ಮಾಡುತ್ತದೆ ನೋಡಿ. ನಮ್ಮ ಚರ್ಮದ ಸಣ್ಣ ಸಣ್ಣ ರಂಧ್ರಗಳಲ್ಲಿ ಜಿಡ್ಡು ತಯಾರಾಗುತ್ತದೆ. ಆ ಜಿಡ್ಡು, ಉದುರಬೇಕಾದ ಸತ್ತ ಚರ್ಮ, ಎರಡೂ ಸೇರಿ ಬಾಟಲಿಗೆ ಬಿರಡೆ ಹಾಕಿದ ಹಾಗೆ ಬಾಯಿ ಕಟ್ಟಿಬಿಡುತ್ತವೆ. ಮೊಡವೆ ಶುರುವಾಗೋದೇ ಅಲ್ಲಿಂದ. ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗುವ ಆಸಿಡ್, ಹಾಗಾಗಿ ಜಿಡ್ಡು ತುಂಬಿದ ರಂಧ್ರದ ಒಳಗೂ ಇಳಿದು ಆ ಕಟ್ಟನ್ನು ಸಡಿಲ ಮಾಡುತ್ತದೆ. ಸ್ವಲ್ಪ ಮಟ್ಟಿಗೆ ಕೆಂಪು, ಊತವನ್ನೂ ಕಡಿಮೆ ಮಾಡುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆ, ಹಣೆ ಮೇಲಿನ ಸಣ್ಣ ಬಿಳಿ ಗುಳ್ಳೆ, ಇವಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಅಂದಹಾಗೆ ಆ ಕಪ್ಪು ಚುಕ್ಕೆ ಕೊಳೆ ಅಲ್ಲ, ಗಾಳಿ ತಾಗಿ ಕಪ್ಪಾದದ್ದು. ಎಷ್ಟು ಉಜ್ಜಿದರೂ ಹೋಗೋದಿಲ್ಲ. ಮುಖ ತೊಳೆಯೋದಿಲ್ಲ ನೀನು ಅಂತ ಮಕ್ಕಳನ್ನು ಬೈಯುವ ತಾಯಂದಿರು ದಯವಿಟ್ಟು ಇದನ್ನು ಗಮನಿಸಿ.

ಮುಖಕ್ಕೆ ಅಂತ ಅಂಗಡಿಯಲ್ಲಿ ಸಿಗುವ ಫೇಸ್ ವಾಶ್, ಜೆಲ್, ಸೀರಮ್‌ಗಳಲ್ಲಿ ಇದು ಸಾಮಾನ್ಯವಾಗಿ 0.5 ರಿಂದ 2 ಪರ್ಸೆಂಟ್ ಇರುತ್ತದೆ. ಸಾಕು, ಅಷ್ಟೇ ಸಾಕು. ಇದೇ ಔಷಧಿ ಕಾಲಿನ ಆಣಿಗೆ, ನರಹುಲಿಗೆ ಹಚ್ಚುವ ದ್ರವದಲ್ಲಿ 16-17 ಪರ್ಸೆಂಟ್ ಇರುತ್ತದೆ. ಅದು ಗಟ್ಟಿ ಚರ್ಮವನ್ನು ಕರಗಿಸಿ ತೆಗೆಯಲು ಮಾಡಿದ್ದು. "ಎರಡರಾಗೂ ಒಂದೇ ಔಷಧ ಅದಲ್ಲಕ್ಕಾ, ಇದು ಜಲ್ದಿ ಕೆಲಸ ಮಾಡ್ತದ" ಅಂತ ಅದನ್ನೇ ಕೇಳುವ ಹುಡುಗರಿದ್ದಾರೆ. ಮುಖ ಸುಟ್ಟುಕೊಳ್ಳುತ್ತೀರಿ ತಮ್ಮಾ, ಬೇಡ. ಚರ್ಮದ ಡಾಕ್ಟರ್‌ಗಳು 20-30 ಪರ್ಸೆಂಟ್ ಪೀಲ್, ಅಂದ್ರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸೋದು, ಮಾಡುತ್ತಾರೆ, ನಿಜ. ಆದರೆ ಅವರು ಚರ್ಮ ನೋಡಿ, ಗಡಿಯಾರ ನೋಡಿ ಮಾಡುತ್ತಾರೆ. ಆನ್‌ಲೈನ್‌ನಲ್ಲಿ ಪೀಲ್ ಬಾಟಲಿ ತರಿಸಿ ಹಾಸ್ಟೆಲ್ ರೂಮಿನಲ್ಲಿ ಮಾಡಿಕೊಳ್ಳುವ ಕೆಲಸ ಅಲ್ಲ ಅದು. ಆಸ್ಪಿರಿನ್ ಮಾತ್ರೆ ಪುಡಿ ಮಾಡಿ ಹಚ್ಚಿಕೊಳ್ಳುವವರೂ ಇದ್ದಾರೆ. ಆಸ್ಪಿರಿನ್ ಇದರ ಹತ್ತಿರದ ಸಂಬಂಧಿ, ಆದರೆ ಇದೇ ಅಲ್ಲ. ಹಾಗೇ ಆಸ್ಪಿರಿನ್ ಅಲರ್ಜಿ ಇದ್ದವರು ಸ್ಯಾಲಿಸಿಲಿಕ್ ಹಚ್ಚುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಬಸುರಿಯರೂ ಕೇಳಿಯೇ ಹಚ್ಚಿ.

ಇನ್ನು ಹಚ್ಚುವ ಬಗೆ. ಇಲ್ಲಿ ನಮ್ಮೂರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾಕಂದ್ರೆ ಯೂಟ್ಯೂಬ್ ವಿಡಿಯೋ ಮಾಡುವವರು ಬಹಳಷ್ಟು ಮಂದಿ ನಮ್ಮ ಬಿಸಿಲು ಕಂಡವರಲ್ಲ. ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಾಳಿ, ಎಷ್ಟೋ ಮನೆಗಳಲ್ಲಿ ಬೋರ್ ನೀರಿಗೆ ಸೋಪು ನೊರೆಯೇ ಬರೋದಿಲ್ಲ. ಮೇಲೆ ಜಿಡ್ಡು ಜಿಡ್ಡು, ಒಳಗೆ ಚರ್ಮ ಬಿಗಿದು ಒಣಗಿರುತ್ತದೆ. ಇಂಥ ಮುಖಕ್ಕೆ ಸ್ಯಾಲಿಸಿಲಿಕ್ ಫೇಸ್ ವಾಶ್ ದಿನಕ್ಕೆ ನಾಲ್ಕು ಸಲ ಹಾಕಿ, ಮೇಲೆ ಸ್ಯಾಲಿಸಿಲಿಕ್ ಟೋನರ್, ಅದರ ಮೇಲೆ ಸ್ಯಾಲಿಸಿಲಿಕ್ ಸೀರಮ್ ಹಚ್ಚಿದರೆ ಸಿಪ್ಪೆ ಏಳುತ್ತದೆ, ಉರಿಯುತ್ತದೆ. ಆಮೇಲೆ ಔಷಧಿಯನ್ನೇ ಬೈಯುತ್ತಾರೆ. ಯಾವುದಾದರೂ ಒಂದು ರೂಪದಲ್ಲಿ ಸಾಕು. ತೊಳೆದುಹೋಗುವ ಫೇಸ್ ವಾಶ್‌ಗಿಂತ ಮುಖದ ಮೇಲೆ ಉಳಿಯುವ ಜೆಲ್‌ಗೆ ಹೆಚ್ಚು ಹೊತ್ತು ಸಿಗುತ್ತದೆ, ಹಾಗಾಗಿ ಅದು ಜಾಸ್ತಿ ಕೆಲಸ ಮಾಡುತ್ತದೆ, ಜಾಸ್ತಿ ಒಣಗಿಸುತ್ತದೆ ಕೂಡ. ವಾರದಲ್ಲಿ ಎರಡು ಮೂರು ರಾತ್ರಿ ಶುರು ಮಾಡಿ. ಚರ್ಮ ತಡೆದುಕೊಂಡರೆ ನಿಧಾನಕ್ಕೆ ಹೆಚ್ಚಿಸಿ. ಮೇಲೆ ಮಾಯಿಶ್ಚರೈಸರ್ ಹಚ್ಚಿ. ಜಿಡ್ಡು ಮುಖಕ್ಕೆ ಮತ್ತೆ ಕ್ರೀಮ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಜಿಡ್ಡು ಬೇರೆ, ನೀರಿನಂಶ ಬೇರೆ. ಜಿಡ್ಡು ಇದ್ದ ಮಾತ್ರಕ್ಕೆ ಚರ್ಮದಲ್ಲಿ ನೀರಿನಂಶ ಇದೆ ಅಂತಲ್ಲ.

ಬೆಳಗ್ಗೆ ಸನ್‌ಸ್ಕ್ರೀನ್ ಬಿಡಬೇಡಿ. ಮುಖಕ್ಕೆ ಹಚ್ಚುವ ಇನ್ನೊಂದು ಆಸಿಡ್ ಆದ ಗ್ಲೈಕೋಲಿಕ್ ಆಸಿಡ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುವಷ್ಟು ಇದು ಮಾಡೋದಿಲ್ಲ. ಆದರೆ ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಮೊಡವೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಸಿಲು ಬಿದ್ದರೆ ಅದು ಇನ್ನೂ ಕಪ್ಪಾಗುತ್ತದೆ. ಮೊಡವೆ ಹಿಸುಕಿದರೂ ಅಷ್ಟೇ. ಮತ್ತೆ ತಲೆಗೆ ಎಣ್ಣೆ ಧಾರಾಳವಾಗಿ ಹಾಕಿ ಹಾಗೇ ಮಲಗುವವರ ಹಣೆ ತುಂಬ ಸಣ್ಣ ಗುಳ್ಳೆ ಏಳೋದುಂಟು. ಅವರು ಮೊದಲು ಎಣ್ಣೆ ಕಡಿಮೆ ಮಾಡಿ ನೋಡಲಿ, ಆಮೇಲೆ ಔಷಧಿ.

ಎಷ್ಟು ದಿನ ಬೇಕು? ಆರರಿಂದ ಎಂಟು ವಾರ ಕೊಡಿ, ಕೆಲವರಿಗೆ ಇನ್ನೂ ಜಾಸ್ತಿ. "ಮುಂದಿನ ವಾರ ಹುಡುಗಿ ನೋಡಲಿಕ್ಕ ಬರೋರಿದ್ದಾರ, ಅಷ್ಟರಾಗ ಹೋಗಬೇಕ್ರೀ ಮೇಡಂ" ಅಂತ ತಾಯಿ ಕೇಳುತ್ತಾಳೆ. ಪಕ್ಕದಲ್ಲಿ ಮಗಳು ಓಢಣಿಯಿಂದ ಗಲ್ಲ ಮುಚ್ಚಿಕೊಂಡು ನಿಂತಿರುತ್ತಾಳೆ. ನನಗೆ ಆ ಹುಡುಗಿಯ ಮೇಲೆ ಕರುಳು ಚುರುಕ್ ಅನ್ನುತ್ತದೆ. ವಾರದಲ್ಲಿ ಮೊಡವೆ ಹೋಗಿಸುವ ಪ್ರಾಮಾಣಿಕ ಔಷಧಿ ನನ್ನ ಅಂಗಡಿಯಲ್ಲಿ ಇಲ್ಲ, ಯಾರ ಅಂಗಡಿಯಲ್ಲೂ ಇಲ್ಲ.

ವಾರದಲ್ಲಿ ಹೋದ ಹಾಗೆ ತೋರಿಸುವ ಟ್ಯೂಬ್ ಮಾತ್ರ ಇದೆ. ನನ್ನ ಸಿಟ್ಟೆಲ್ಲ ಅದರ ಮೇಲೇ. ಬೀಟಾಮೆಥಸೋನ್ ಜೊತೆ ಸ್ಯಾಲಿಸಿಲಿಕ್ ಆಸಿಡ್, ಕ್ಲೋಬೆಟಾಸೋಲ್ ಜೊತೆ ಸ್ಯಾಲಿಸಿಲಿಕ್ ಆಸಿಡ್ ಸೇರಿಸಿದ ಮುಲಾಮುಗಳು ಬರುತ್ತವೆ. ಅವು ಸೋರಿಯಾಸಿಸ್‌ನಂಥ, ಚರ್ಮ ದಪ್ಪಗಾಗಿ ಹೊಟ್ಟು ಏಳುವ ಕಾಯಿಲೆಗೆ ಡಾಕ್ಟರ್ ಬರೆಯುವ ಔಷಧಿ. ಬೀಟಾಮೆಥಸೋನ್, ಕ್ಲೋಬೆಟಾಸೋಲ್ ಎರಡೂ ಸ್ಟೀರಾಯ್ಡ್, ಅಂದ್ರೆ ಕೆಂಪು, ಊತವನ್ನು ಬೇಗ ಅಡಗಿಸುವ ಔಷಧಿ. ಹಾಸ್ಟೆಲಿನ ಹುಡುಗಿಯೊಬ್ಬಳು, ಯಾದಗಿರಿ ಕಡೆಯವಳು, ಇಂಥ ಟ್ಯೂಬ್ ತೋರಿಸಿ ಇನ್ನೊಂದು ಕೊಡಿ ಅಂದಳು. "ಅಕ್ಕಾ, ಇದರಾಗ ಸ್ಯಾಲಿಸಿಲಿಕ್ ಅದ, ಮೊಡವಿಗಿ ನಡೀತದ ಅಂತ ನಮ್ಮೂರಾಗ ಅಂಗಡ್ಯಾವ ಕೊಟ್ಟಾನ." ಗಲ್ಲದ ಚರ್ಮ ತೆಳ್ಳಗಾಗಿ ಒಳಗಿನ ಸಣ್ಣ ಕೆಂಪು ರಕ್ತನಾಳಗಳು ಕಾಣುತ್ತಿದ್ದವು. ಬಿಸಿಲಿಗೆ ಹೋದರೆ ಬೆಂಕಿ ಹತ್ತಿದಂಗ ಆಗ್ತದ ಅಂದಳು. ನಾನು ಟ್ಯೂಬ್ ಕೊಡಲಿಲ್ಲ, ಕೂರಿಸಿ ವಿಷಯ ಹೇಳಿದೆ.

ಸ್ಟೀರಾಯ್ಡ್ ಹಚ್ಚಿದ ಕೆಲವೇ ದಿನದಲ್ಲಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ ಕಾಣುತ್ತದೆ. ಎಲ್ಲರೂ ಹೊಗಳುತ್ತಾರೆ. ಬಿಟ್ಟ ಕೂಡಲೇ ಮೊಡವೆ, ಉರಿ, ಕೆಂಪು ಎರಡು ಪಟ್ಟಾಗಿ ಬರುತ್ತದೆ, ಮತ್ತೆ ಅದನ್ನೇ ಹಚ್ಚುತ್ತಾರೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಚರ್ಮ ತೆಳುವಾಗುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ, ಸ್ಟೀರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತದೆ. ನಮ್ಮ ದೇಶದ ಚರ್ಮದ ಡಾಕ್ಟರ್‌ಗಳು ವರ್ಷಗಟ್ಟಲೆ ಇದರ ವಿರುದ್ಧ ಕೂಗಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಚೀಟಿ ಕೇಳದೆ ಕೊಡುವವರು ಇದ್ದಾರೆ. ಕೌಂಟರಿನಲ್ಲಿ ನಿಲ್ಲುವ ನನ್ನ ಅಣ್ಣ-ತಮ್ಮಂದಿರೇ, ಒಂದು ಟ್ಯೂಬಿನ ಲಾಭಕ್ಕೆ ಓದುವ ಹುಡುಗಿಯ ಮುಖ ಹಾಳು ಮಾಡಬೇಡಿ. ಬೆಳ್ಳಗೆ ಆಗುವ ಕ್ರೀಮ್ ಅಂತ ಮೊಮೆಟಾಸೋನ್ (ಇದೂ ಸ್ಟೀರಾಯ್ಡ್), ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಮೂರೂ ಸೇರಿದ್ದನ್ನು ದಾಟಿಸೋದೂ ಇದೇ ಪಾಪ.

ಓದುವ ನೀವು ಮಾಡಬೇಕಾದ್ದು ಸುಲಭ. ಟ್ಯೂಬ್ ತಿರುಗಿಸಿ, ಸಣ್ಣ ಅಕ್ಷರ ಓದಿ. ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಓಸಿನೋಲೋನ್, ಇವೆಲ್ಲ ಸ್ಟೀರಾಯ್ಡ್‌ಗಳು, ಇವುಗಳಲ್ಲಿ ಒಂದು ಹೆಸರು ಕಂಡರೂ ಮೊಡವೆಗೆ ಅದು ಬೇಡ. ಓದಲು ಬರದಿದ್ದರೆ ಫೋಟೋ ತೆಗೆದು ಬಲ್ಲವರಿಗೆ ಕಳಿಸಿ.

ಸ್ಯಾಲಿಸಿಲಿಕ್‌ನಿಂದ ಎಲ್ಲ ಮೊಡವೆಯೂ ಹೋಗುತ್ತದೆ ಅಂತ ನಾನು ಹೇಳೋದಿಲ್ಲ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಬೆಂಜಾಯಿಲ್ ಪೆರಾಕ್ಸೈಡ್‌ಗೂ, ಅಡಾಪಲೀನ್‌ನಂಥ ರೆಟಿನಾಯ್ಡ್‌ಗಳಿಗೂ (ವಿಟಮಿನ್ ಎ ಸಂಬಂಧಿ ಔಷಧಿಗಳು) ಬಲವಾದ ಶಿಫಾರಸು ಇದೆ, ಸ್ಯಾಲಿಸಿಲಿಕ್‌ಗೆ ಅದಕ್ಕಿಂತ ಕೆಳಗಿನ ಸ್ಥಾನ. ಒಳಗಿಂದ ಗಡ್ಡೆಯ ಹಾಗೆ ಏಳುವ, ಮುಟ್ಟಿದರೆ ನೋಯುವ, ಗುಂಡಿ ಬೀಳಿಸುವ ಮೊಡವೆಗೆ ಫೇಸ್ ವಾಶ್ ಬದಲಾಯಿಸುತ್ತಾ ವರ್ಷ ಕಳೆಯಬೇಡಿ. ಮುಟ್ಟು ಏರುಪೇರಾಗಿ ಗಲ್ಲ, ಗದ್ದದ ಮೇಲೆ ಮೊಡವೆ ಬರುತ್ತಿದ್ದರೆ ಹಾರ್ಮೋನಿನ ತೊಂದರೆ ಇರಬಹುದು, ಅದಕ್ಕೆ ಹೊರಗೆ ಹಚ್ಚೋದು ಮಾತ್ರ ಸಾಲದು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ದವಾಖಾನೆಗಳಲ್ಲೂ ಚರ್ಮದ ವಿಭಾಗ ಇದೆ. ಮೊಡವೆಗೆ ದವಾಖಾನೆಯಾ ಅಂತ ನಾಚಬೇಡಿ.

ಮತ್ತೆ, ಸ್ಟೀರಾಯ್ಡ್ ಟ್ಯೂಬನ್ನು ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಈ ಪೋಸ್ಟ್ ಓದಿ ಹೆದರಿ ಇವತ್ತೇ ತಾವಾಗಿಯೇ ನಿಲ್ಲಿಸಲೂ ಬೇಡಿ, ಅದರ ಜಾಗಕ್ಕೆ ಸ್ಯಾಲಿಸಿಲಿಕ್ ಹಚ್ಚಲೂ ಬೇಡಿ. ತೆಳುವಾದ ಚರ್ಮಕ್ಕೆ ಅದು ಇನ್ನಷ್ಟು ಉರಿ. ಆ ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಹೇಗೆ ಬಿಡಬೇಕು ಅಂತ ಅವರು ಹೇಳುತ್ತಾರೆ.