ಹೆಲಿಕಾಪ್ಟರ್ ಕರೆಯುವ ಮುನ್ನ

ರೋಗಿಯನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸುವ ಏರ್ ಆಂಬುಲೆನ್ಸ್ ಬಗ್ಗೆ ಬರೆಯುವಾಗ ಬಾಡಿಗೆಯ ಮಾತೇ ಹೆಚ್ಚಾಗುವುದುಂಟು. ಕರೆ ಮಾಡುವವರು ಏನು ಹೇಳಬೇಕು ಎಂಬುದು ಬಿಟ್ಟುಹೋಗುತ್ತದೆ. ಮೊದಲು, ರೋಗಿಯನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಐಸಿಯು ಹಾಸಿಗೆಯೂ ಒಪ್ಪಿಕೊಂಡ ಡಾಕ್ಟರ ಹೆಸರೂ ಖಚಿತವಾಗಿರಲಿ. ರೋಗಿಯ ತೂಕ, ಬಿಪಿ, ವೆಂಟಿಲೇಟರ್ ಸೆಟ್ಟಿಂಗ್, ಡ್ರಿಪ್‌ನಲ್ಲಿ ಓಡುತ್ತಿರುವ ಔಷಧಿಗಳು ಕರೆಯಲ್ಲೇ ಹೇಳಿ. ತೂಕ ತಪ್ಪಿದರೆ ಇಂಧನದ ಲೆಕ್ಕವೂ ತಪ್ಪುತ್ತದೆ. ಆಕ್ಸಿಜನ್ ನಿಮಿಷಕ್ಕೆ 10 ಲೀಟರ್ ಎಂದರೆ ಗಂಟೆಗೆ 600 ಲೀಟರ್. ಪ್ರಯಾಣಕ್ಕೆ ಬೇಕಾದುದರ ಎರಡರಷ್ಟು ಇರಲೇಬೇಕು.

ಎಲ್ಲಕ್ಕಿಂತ ಅಪಾಯ ನ್ಯುಮೋಥೊರಾಕ್ಸ್, ಅಂದರೆ ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿ. ಹೆಲಿಕಾಪ್ಟರ್ ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರುವುದಿಲ್ಲ. 5,000 ಅಡಿ ಎತ್ತರದಲ್ಲಿ ಆ ಗಾಳಿ ಸುಮಾರು ಶೇ 20ರಷ್ಟು ಹಿಗ್ಗಿ ಶ್ವಾಸಕೋಶವನ್ನು ಒತ್ತುತ್ತದೆ. ಆ ಗಾಳಿಯನ್ನು ಹೊರತೆಗೆಯುವ ಎದೆಯ ಟ್ಯೂಬನ್ನು ಡಾಕ್ಟರು ಹಾರುವ ಮುನ್ನವೇ ಹಾಕಿಬಿಡಲಿ. ಹಾರುವಾಗಿನ ಸದ್ದಿನಲ್ಲಿ ಸ್ಟೆತಾಸ್ಕೋಪ್ ಕೇಳಿಸುವುದೇ ಇಲ್ಲ. ಉಸಿರಾಟದ ಟ್ಯೂಬಿನ ಕಫ್, ಅಂದರೆ ಗಾಳಿ ತುಂಬಿದ ಪುಟ್ಟ ಬಲೂನಿನ ಒತ್ತಡವನ್ನೂ ಮೇಲೇರಿದ ಮೇಲೆ ಮತ್ತೆ ನೋಡಬೇಕು.

ಇಳಿಯಲು ಕನಿಷ್ಠ 30 ಮೀಟರ್ ಚೌಕದ ಸಮತಟ್ಟು ಜಾಗ ಬೇಕು. ಸುತ್ತಲಿನ ಕರೆಂಟ್ ತಂತಿಗಳನ್ನು ಪೈಲಟ್‌ಗೆ ಮೊದಲೇ ತಿಳಿಸಿ. ಶಾಲಾ ಮೈದಾನವಾದರೆ ಟ್ಯಾಂಕರ್ ನೀರು ಹಾಕಿ ಧೂಳು ಅಡಗಿಸಿ. ಮಳೆಗಾಲದಲ್ಲಿ ಘಟ್ಟದ ಊರುಗಳಲ್ಲಿ ಮೋಡ ಇಳಿದರೆ ಹಾರಾಟ ರದ್ದಾಗಬಹುದು, ಹಾಗಾಗಿ ವೆಂಟಿಲೇಟರ್ ಇರುವ ರಸ್ತೆ ಆಂಬುಲೆನ್ಸನ್ನೂ ಅದೇ ಹೊತ್ತಿಗೆ ಸಜ್ಜಾಗಿ ನಿಲ್ಲಿಸಿಕೊಳ್ಳಿ.